ಇಪ್ಪತ್ಮೂರಿಂಚಿನ ತೋಳು

ಕುರ್ಚಿ ಬೆಚ್ಚಗಿತ್ತು.

ಊಟ ಮುಗಿಸಿ ಬಂದು ಕೂತವಳು ಕೂತಷ್ಟೇ ಬೇಗ ಎದ್ದಳು. ಸೀಟಿನ ಮೇಲೆ ಅಂಗೈ ಇಟ್ಟು ನೋಡಿದಳು. ಮುಕ್ಕಾಲು ಗಂಟೆಯಿಂದ ಖಾಲಿ ಬಿದ್ದಿದ್ದ ಕುರ್ಚಿ ತಾನಾಗಿ ಬಿಸಿಯಾಗಲು ಅದೇನು ಇಸ್ತ್ರಿಪೆಟ್ಟಿಗೆಯೇ? ಯಾರೋ ಕೂತಿದ್ದು ಈಗಷ್ಟೇ ಎದ್ದು ಹೋಗಿದ್ದಾರೆ. ಒಮ್ಮೆ ಬಾಗಿಲ ಕಡೆ ನೋಡಿ, ಕಂಪ್ಯೂಟರಿನಲ್ಲಿ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ತೆಗೆದಳು. ಎಲ್ಲಕ್ಕಿಂತ ಮೇಲೆ ಅಳತೆ ಫೈಲು. ತೆರೆದ ಹೊತ್ತು ಒಂದು ಗಂಟೆ ಇಪ್ಪತ್ತೆರಡು ನಿಮಿಷ. ಒಂದು ಇಪ್ಪತ್ತೆರಡಕ್ಕೆ ಅವಳು ಹಿಂದಿನ ಕೋಣೆಯಲ್ಲಿ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಳು.

"ಮೂರನೇ ಸಲ ಇದು," ಎಂದು ಮಾನಿಟರಿಗೇ ಹೇಳಿದಳು.

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸಿಸ್ಟಮ್ಮ ಎಂದು. ಆರು ವರ್ಷದ ಹಿಂದೆ ಮೊದಲ ಕಂಪ್ಯೂಟರು ಬಂದಾಗ, ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಇವಳನ್ನು ಕಟಿಂಗ್ ಮಾಸ್ಟರು ಕರೆತಂದು ಅದರ ಮುಂದೆ ಕೂರಿಸಿ, "ಇನ್ಮೇಲೆ ಸಿಸ್ಟಮ್ ನಿಂದೇ ಕಣಮ್ಮ" ಎಂದಿದ್ದರು. ಒಡತಿಗೆ ಅಷ್ಟೇನೂ ಇಷ್ಟವಿರಲಿಲ್ಲ. ಗುಂಡಿಯವಳಿಗೆ ಕಂಪ್ಯೂಟರು ಯಾಕೆ ಎಂದು ಕೇಳಿದ್ದೂ ಉಂಟು. ಮಾಸ್ಟರು ಪಟ್ಟು ಬಿಡಲಿಲ್ಲ. ಅಂದಿನಿಂದ ಇವಳ ಲೋಕದಲ್ಲಿ ಮಾಸ್ಟರ ಮಾತಿಗೆ ಎರಡನೇ ಮಾತಿಲ್ಲ.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮುಂದಿನ ಕೌಂಟರಿನಲ್ಲಿ ಗಿರಾಕಿಯ ಅಳತೆ ತೆಗೆದು ಅಲ್ಲಿಯ ಕಂಪ್ಯೂಟರಿನಲ್ಲಿ ಹೊಡೆದರೆ, ಅದು ಮರುಕ್ಷಣವೇ ಒಳಗಿದ್ದ ಸಿಸ್ಟಮ್ಮನ ಫೈಲಿಗೆ ಬಂದು ಬೀಳುತ್ತಿತ್ತು. ಒಮ್ಮೆ ಹೊಡೆದದ್ದು ಕೌಂಟರಿನಲ್ಲಿ ಮತ್ತೆ ಕಾಣುತ್ತಿರಲಿಲ್ಲ, ತಪ್ಪಿದ್ದರೆ ಹೊಸದಾಗಿ ಹೊಡೆಯಬೇಕಿತ್ತು. ಇವಳು ಅದನ್ನು ಚೀಟಿಯಾಗಿ ಮುದ್ರಿಸಿ, ಬಟ್ಟೆಗೆ ಗುಂಡುಪಿನ್ನು ಚುಚ್ಚಿ, ಮಾಸ್ಟರ ಮೇಜಿನ ಮೇಲೆ ಇಡಬೇಕು. ಕಾಗದ ಉಳಿಯಲಿ ಎಂದು ಒಡತಿ ಒಂದು ಹಾಳೆಗೆ ಎಂಟು ಚೀಟಿ ಬರುವಂತೆ ಮಾಡಿಸಿದ್ದರಿಂದ ಅಕ್ಷರಗಳು ಸಾಸಿವೆಯಷ್ಟಿದ್ದವು. ಮಾಸ್ಟರು ಚೀಟಿಯನ್ನು ಒಮ್ಮೆ ಎತ್ತಿ ನೋಡಿ ಕೆಳಗಿಟ್ಟರೆ ಮುಗಿಯಿತು, ಮತ್ತೆ ಅದರ ಮುಖ ನೋಡುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಕತ್ತರಿ ಒಂದು ತುಂಡು ಬಟ್ಟೆಯನ್ನೂ ಕೆಡಿಸಿರಲಿಲ್ಲ. ಒಡತಿ ಇದನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು, ಕೆಲವರಿಗೆ ಎರಡೆರಡು ಸಲ.

ಇಂಥ ಅಂಗಡಿಗೆ ಮೂರು ತಿಂಗಳ ಹಿಂದೆ ಕೌಂಟರಿಗೆಂದು ಹೊಸ ಹುಡುಗಿ ಬಂದಿದ್ದಳು. ಬಂದಾಗಿನಿಂದ ಸಿಸ್ಟಮ್ಮನಿಗೆ ಅವಳ ಮೇಲೆ ಒಂದು ಕಣ್ಣು. ಸಿಸ್ಟಮ್ಮ ಸ್ವಭಾವದಿಂದಲೇ ಗಂಡ ಒಬ್ಬನೇ ನಕ್ಕರೂ ಯಾಕೆಂದು ಕೇಳುವ ಹೆಂಗಸು. ಆದರೆ ಈ ಹುಡುಗಿಯ ವಿಷಯದಲ್ಲಿ ಕಾರಣಗಳೂ ಇದ್ದವು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ಇವಳೊಬ್ಬಳು ಕೌಂಟರು ಬಿಟ್ಟು ಬರುವುದಿಲ್ಲ. ಕೈಯಲ್ಲಿ ಸದಾ ಫೋನು, ಯಾರಾದರೂ ಹತ್ತಿರ ಹೋದರೆ ಫೋನು ಬೋರಲು. ಸಾಲದ್ದಕ್ಕೆ ರಸ್ತೆಯಾಚೆ ಹೊಸ ಕೋಟಿನ ಅಂಗಡಿಯೊಂದು ತೆರೆದಿತ್ತು. ಇಲ್ಲಿಯ ಮೂವರು ಹಳೇ ಗಿರಾಕಿಗಳು ಒಬ್ಬರ ಹಿಂದೆ ಒಬ್ಬರಂತೆ ರಸ್ತೆ ದಾಟಿದ್ದರು. ಅಲ್ಲಿ ಅವರ ಮೈಗೆ ಯಾರೂ ಟೇಪು ಸಹ ಮುಟ್ಟಿಸಲಿಲ್ಲವಂತೆ. ಅಳತೆ ಮೊದಲೇ ಇತ್ತಂತೆ. ಈ 'ಅಂತೆ' ಸಿಸ್ಟಮ್ಮನ ಕಿವಿಗೆ ಬಿದ್ದದ್ದು ಇಸ್ತ್ರಿಯವನಿಂದ. ಅವಳಿಗೆ ಅಷ್ಟು ಸಾಕಾಗಿತ್ತು.

ಅವಳು ನೇರ ಮಾಸ್ಟರ ಮೇಜಿಗೆ ಹೋದಳು. ಅವರು ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಿದ್ದರು.

"ಮಾಸ್ಟ್ರೇ, ನಮ್ಮಲ್ಲಿ ಕಳ್ಳಿ ಇದ್ದಾಳೆ."

"ಯಾರಮ್ಮ?"

"ಇನ್ಯಾರು? ಕೌಂಟರಲ್ಲಿ ಕೂತಿದ್ದಾಳಲ್ಲ, ಆ ಮಹಾತಾಯಿ. ನಾನು ಊಟಕ್ಕೆ ಹೋದಾಗೆಲ್ಲ ಬಂದು ನನ್ನ ಫೈಲು ತೆಗೀತಾಳೆ. ಎದುರಂಗಡೀಗೆ ಅಳತೆ ಹೋಗ್ತಿರೋದು ಹೀಗೇನೇ."

ಮಾಸ್ಟರು ಬಟ್ಟೆಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು.

"ಕಣ್ಣಾರೆ ನೋಡಿದ್ಯಾ?"

"ನೋಡೋದೇನು ಬಂತು. ನೀವು ಬೇಗ ಉಂಡು ಬಂದು ಆ ಹೊತ್ತಲ್ಲಿ ಇಲ್ಲೇ ಬಟ್ಟೆ ಗಂಟಿಗೆ ಒರಗಿರ್ತೀರಲ್ಲ, ನಿಮಗೆ ಕಾಣ್ಲಿಲ್ವಾ?"

"ಕಣ್ಣು ಮುಚ್ಕೊಂಡಿರ್ತೀನಮ್ಮ," ಎಂದರು ಮಾಸ್ಟರು. ಬಟ್ಟೆಯ ಮಡಿಕೆ ತಟ್ಟುತ್ತ, "ದೊಡ್ಡದು ಮಾಡ್ಬೇಡ ಇದನ್ನ. ಬಿಡು," ಎಂದರು.

ಮಾಸ್ಟರು ಒಳ್ಳೆಯವರು, ಒಳ್ಳೆಯವರಿಗೆ ಕಳ್ಳರು ಕಾಣುವುದಿಲ್ಲ ಎಂದುಕೊಂಡು ಅವಳು ವಾಪಸ್ಸು ಬಂದಳು. ಸಂಜೆ ಮನೆಯಲ್ಲಿ ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಲಿಫ್ಟು ರಿಪೇರಿ ಮಾಡುವ ಗಂಡ ಬೂಟಿನ ಲೇಸು ಬಿಚ್ಚುತ್ತ ಎಲ್ಲ ಕೇಳಿ, "ಪಾಸ್‌ವರ್ಡ್ ಹಾಕಿ ಎದ್ದು ಹೋಗು. ಎರಡು ನಿಮಿಷದ ಕೆಲಸ," ಎಂದ.

"ಪಾಸ್‌ವರ್ಡ್ ಹಾಕಿದ್ರೆ ಕಳ್ಳತನ ನಿಲ್ಲುತ್ತೆ ಅಷ್ಟೇ. ಕಳ್ಳಿ ಸಿಗಲ್ಲ."

"ನಿಂಗೆ ಯಾವ್ದು ಬೇಕು?"

ಅವಳಿಗೆ ಬೇಕಾಗಿದ್ದದ್ದು ಎರಡನೆಯದು.

ಮರುದಿನ ಊಟ ಮುಗಿಸಿ ಬಂದಾಗ ಇನ್ನೊಂದು ಗುರುತು ಸಿಕ್ಕಿತು. ಅಳತೆ ಫೈಲು ತೆರೆದೇ ಇತ್ತು, ಅದೂ ಎಂಥ ಗಾತ್ರದಲ್ಲಿ! ಪರದೆಯ ತುಂಬ ಬರೀ ಮೂರು ಅಂಕಿಗಳು, ಒಂದೊಂದೂ ಅಂಗೈಯಷ್ಟು. ಕೆಳಗಿನ ಮೂಲೆಯಲ್ಲಿ ಶೇಕಡಾ ನಾನೂರು ಎಂದಿತ್ತು. ಯಾರೋ ದೊಡ್ಡದು ಮಾಡಿಕೊಂಡಿದ್ದಾರೆ, ಹೆಜ್ಜೆ ಸದ್ದು ಕೇಳಿ ಹಾಗೇ ಬಿಟ್ಟು ಓಡಿದ್ದಾರೆ. ಯಾಕೆ ದೊಡ್ಡದು ಮಾಡಬೇಕು? ಫೋನಿನಲ್ಲಿ ಫೋಟೋ ತೆಗೆಯಲು. ದೂರದಿಂದ ತೆಗೆದರೂ ಅಚ್ಚುಕಟ್ಟಾಗಿ ಬರಲೆಂದು. ಸಿಸ್ಟಮ್ಮನ ಮೈಯೆಲ್ಲ ಉರಿಯಿತು. ಜೊತೆಗೆ, ನಿಜ ಹೇಳಬೇಕೆಂದರೆ, ಒಂದು ಬಗೆಯ ಖುಷಿಯೂ ಆಯಿತು. ತನ್ನ ಅನುಮಾನ ಸರಿಯಾದಾಗ ಯಾರಿಗೆ ಖುಷಿಯಾಗುವುದಿಲ್ಲ?

ಬಲೆ ಹೊಳೆದದ್ದು ಆಗಲೇ.

ಆ ವಾರ ಅಂಗಡಿಗೆ ಒಂದು ಬ್ಯಾಂಡ್ ತಂಡದ ಕೆಲಸ ಬಂದಿತ್ತು. ಹದಿನೈದು ಜನಕ್ಕೆ ನೀಲಿ ಕೋಟು, ನಾಯಕನಿಗೆ ಮಾತ್ರ ಕಡುಗೆಂಪು. ಆ ಕೆಂಪು ಉಣ್ಣೆಬಟ್ಟೆಯನ್ನು ಆತ ತಾನೇ ಎಲ್ಲಿಂದಲೋ ತರಿಸಿಕೊಟ್ಟಿದ್ದ. ಕೋಟಿಗೆ ಸರಿಯಾಗಿ ಸಾಲುವಷ್ಟೇ ಇತ್ತು, ಗೇಣು ಹೆಚ್ಚಿಲ್ಲ. ಎದುರಂಗಡಿಯವರೂ ಅದೇ ತಂಡದ ಬೆನ್ನು ಬಿದ್ದಿದ್ದರು. ಮಾದರಿಗೆಂದು ನಾಯಕನಿಗೆ ತಾವೇ ಒಂದು ಕೋಟು ಹೊಲಿದು ತೋರಿಸುತ್ತೇವೆ ಎಂದಿದ್ದರಂತೆ. ಸಿಸ್ಟಮ್ಮ ಮೊದಲು ಹದಿನಾರೂ ಚೀಟಿಗಳನ್ನು ಸರಿಯಾದ ಅಳತೆಯಲ್ಲೇ ಮುದ್ರಿಸಿ ಬಟ್ಟೆಗಳಿಗೆ ಚುಚ್ಚಿದಳು. ಆಮೇಲೆ ಬಂದು ಕೂತು, ಫೈಲಿನಲ್ಲಿ ನಾಯಕನ ತೋಳಿನ ಉದ್ದ ಇಪ್ಪತ್ತೈದು ಇದ್ದದ್ದನ್ನು ಇಪ್ಪತ್ಮೂರು ಮಾಡಿದಳು.

ಇದರಲ್ಲಿ ಅಪಾಯವೇನೂ ಇಲ್ಲ ಎಂದು ಅವಳು ಎರಡೆರಡು ಸಲ ಯೋಚಿಸಿದ್ದಳು. ಮಾಸ್ಟರು ಕತ್ತರಿಸುವುದು ಚೀಟಿ ನೋಡಿ. ಚೀಟಿಯಲ್ಲಿ ಇಪ್ಪತ್ತೈದು ಇದೆ. ಇಪ್ಪತ್ಮೂರು ನೋಡುವುದು ಕಳ್ಳಿ ಮಾತ್ರ. ಅಳೆದವಳು ಅವಳೇ ಆದರೂ ಹದಿನಾರು ಜನರ ಅಂಕಿ ತಲೆಯಲ್ಲಿ ಉಳಿಯುವುದಿಲ್ಲ. ಎದುರಂಗಡಿಯ ಕೋಟಿನಲ್ಲಿ ನಾಯಕನ ಮಣಿಕಟ್ಟು ಹೊರಗೆ ಇಣುಕಿದ ದಿನ ಆ ಹುಡುಗಿಯನ್ನು ಒಡತಿಯ ಮುಂದೆ ನಿಲ್ಲಿಸಿದರಾಯಿತು.

ಎರಡು ದಿನ ಏನೂ ಆಗಲಿಲ್ಲ. ಹುಡುಗಿ ಎಂದಿನಂತೆ ಬಂದಳು, ಎಂದಿನಂತೆ "ಅಕ್ಕಾ, ಪೇಪರ್ ಖಾಲಿಯಾಗಿದ್ಯಾ?" ಎಂದು ಕೇಳಿದಳು. ಅಕ್ಕನಂತೆ ಅಕ್ಕ, ಎಂದುಕೊಂಡಳು ಸಿಸ್ಟಮ್ಮ.

ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕತ್ತರಿಸುವ ಮೇಜಿನ ಹತ್ತಿರ ಮಾತು ಕೇಳಿಸಿತು. ಹುಡುಗಿ ಒಂದು ಗುಂಡಿಯ ಮಾದರಿ ತೋರಿಸಲು ಮಾಸ್ಟರ ಬಳಿ ಹೋಗಿದ್ದವಳು ಕೆಂಪು ಬಟ್ಟೆಯ ತೋಳನ್ನು ನೋಡಿ ನಿಂತುಬಿಟ್ಟಿದ್ದಳು.

"ಮಾಸ್ಟ್ರೇ, ಇದು ಬ್ಯಾಂಡಿನವರ ತೋಳಾ? ಅವರ ಕೈ ಉದ್ದ ಇದ್ಯಲ್ಲ. ನಾನೇ ಅಳೆದಿದ್ದು."

"ಇಪ್ಪತ್ಮೂರಲ್ವಾ?"

"ಇಪ್ಪತ್ತೈದು."

ಒಡತಿ ಎದ್ದು ಬಂದರು. ಟೇಪು ಹಿಡಿದರು. ಮಡಿಕೆಗೆಂದು ಬಿಟ್ಟ ಬಟ್ಟೆಯನ್ನು ಪೂರ್ತಿ ಬಿಚ್ಚಿದರೂ ಒಂದಿಂಚು ಕಡಿಮೆ ಬರುತ್ತಿತ್ತು. ಮೊದಲು ಅವರು ಹುಡುಗಿಯ ಕಡೆಗೇ ತಿರುಗಿದರು. "ನೀನು ಹೊಡೆದಿದ್ದೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಟ್ಟೆಗೆ ಚುಚ್ಚಿದ್ದ ಚೀಟಿಯನ್ನು ಕಿತ್ತು ನೋಡಿದರು. ಇಪ್ಪತ್ತೈದು. ಚೀಟಿಯನ್ನು ಮಾಸ್ಟರ ಮುಂದೆ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಸುಸ್ತಾಗಿದ್ರಾ ಮಾಸ್ಟ್ರೇ?" ಎಂದು ಕೇಳಿದರು.

ಮಾಸ್ಟರು ಚೀಟಿಯನ್ನು ಎತ್ತಿಕೊಂಡು ಎಂದಿನಂತೆ ನೋಡಿ ಕೆಳಗಿಟ್ಟರು. "ಇಪ್ಪತ್ಮೂರು ಅಂತ ತಲೇಲಿ ಇತ್ತು," ಎಂದರು. "ದಪ್ಪ ಆಳು, ಕೈ ಗಿಡ್ಡ ಇರ್ಬೇಕು ಅಂದ್ಕೊಂಡೆ. ತಲೇಲಿ ಇಪ್ಪತ್ಮೂರೇ ಇತ್ತಮ್ಮ."

ಮಾತು ಕೇಳಿ ಬಂದಿದ್ದ ಸಿಸ್ಟಮ್ಮ ಚೀಟಿಯನ್ನೇ ನೋಡಿದಳು. ಇಡೀ ಅಂಗಡಿಯಲ್ಲಿ ಇಪ್ಪತ್ಮೂರು ಇದ್ದದ್ದು ಒಂದೇ ಜಾಗದಲ್ಲಿ. ಬೆಚ್ಚಗಿನ ಕುರ್ಚಿ, ಅಂಗೈಯಷ್ಟು ದೊಡ್ಡ ಅಂಕಿಗಳು, ಬಿಡು ಎಂದ ಮಾಸ್ಟರು, ಎಲ್ಲ ಒಟ್ಟಿಗೆ ಬಂದು ಅವಳ ಎದೆಯ ಮೇಲೆ ಕೂತವು. ಆದರೂ ಆ ಗಳಿಗೆಯಲ್ಲಿ ಅವಳು ಮಾಡಿದ್ದೇನು? ಎಲ್ಲರ ಕಣ್ಣೂ ಕೆಂಪು ಬಟ್ಟೆಯ ಮೇಲಿರುವಾಗ ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿ, ಇಪ್ಪತ್ಮೂರನ್ನು ಅಳಿಸಿ ಇಪ್ಪತ್ತೈದು ಹೊಡೆದಳು. ಕೈ ತಾನಾಗಿ ಹೋಯಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಕೈ ತಾನಾಗಿ ಹೋಗುವುದಿಲ್ಲ. ಹೆದರಿಕೆಯಾಗಿತ್ತು, ಕಳಿಸಿದಳು.

ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋದರು. ಸಿಸ್ಟಮ್ಮ ಡಬ್ಬಿ ತೆರೆದು ಹಾಗೇ ಮುಚ್ಚಿದಳು. ಕಾಲು ಗಂಟೆ ಕಾದು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತನ್ನ ಕೋಣೆಯ ಬಾಗಿಲಿಗೆ ಬಂದಳು.

ಮಾಸ್ಟರು ಅವಳ ಕುರ್ಚಿಯಲ್ಲಿ ಕೂತಿದ್ದರು. ಒಂದು ಕೈ ಕೀಲಿಮಣೆಯ ಮೂಲೆಯ ಕೀಲಿ ಒತ್ತಿ ಹಿಡಿದಿತ್ತು, ಇನ್ನೊಂದು ಕೈ ಮೌಸಿನ ಚಕ್ರ ತಿರುಗಿಸುತ್ತಿತ್ತು. ಅಂಕಿಗಳು ಉಬ್ಬುತ್ತ ಉಬ್ಬುತ್ತ ಪರದೆ ತುಂಬಿದವು. ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ಒಯ್ದು, ಕತ್ತು ಓರೆ ಮಾಡಿ, ಅವರು ಒಂದೇ ಅಂಕಿಯನ್ನು ಮತ್ತೆ ಮತ್ತೆ ನೋಡುತ್ತಿದ್ದರು.

"ಮಾಸ್ಟ್ರೇ."

ಅವರು ಬೆಚ್ಚಿ ಏಳಲು ಹೋದರು, ಏಳಲಿಲ್ಲ.

"ಬಾಮ್ಮ," ಎಂದರು. "ಕಳ್ಳ ಸಿಕ್ಕಿದ ನೋಡು."

ಅವಳು ಮುಕ್ಕಾಲಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಮಾಸ್ಟರು ಅವಳ ಮುಖ ನೋಡಿ ಮಾತಾಡುವ ಬದಲು ಅವಳ ಕಿವಿಯ ಪಕ್ಕಕ್ಕೆ ನೋಡುತ್ತ ಮಾತಾಡಿದರು. ಕೆಲವು ತಿಂಗಳಿಂದ ಅವರು ಹೀಗೇ ನೋಡುತ್ತಿದ್ದರು. ತನ್ನ ಮೇಲೆ ಏನೋ ಬೇಸರ ಇರಬೇಕೆಂದು ಅವಳು ಅಂದುಕೊಂಡಿದ್ದಳು.

"ನಟ್ಟನಡುವೆ ಮಸುಕು ಕಣಮ್ಮ. ಸುತ್ತ ಎಲ್ಲ ಕಾಣುತ್ತೆ, ನೋಡ್ಬೇಕು ಅಂತ ಹೋದ್ರೆ ನೋಡಿದ್ದೇ ಮಾಯ. ಕನ್ನಡಕ ಹಾಕಿದ್ರೂ ಅಷ್ಟೇ ಅಂದ್ರು ಡಾಕ್ಟ್ರು. ಬಟ್ಟೆಗೇನೂ ತೊಂದ್ರೆ ಇಲ್ಲ, ಬಟ್ಟೆ ಕೈಗೆ ತಿಳಿಯುತ್ತೆ. ಈ ಚೀಟಿ ಇದೆಯಲ್ಲ, ಇದೇ ಆಗಲ್ಲ. ನೀನೊಂದಿನ ಈ ಕೀಲಿ ಒತ್ತಿ ಚಕ್ರ ತಿರುಗಿಸಿ ದೊಡ್ಡದು ಮಾಡಿದ್ದು ನೋಡಿದ್ದೆ. ಅವತ್ತಿಂದ ದಿನಾ ಬಂದು ಓದಿ ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ."

"ಮೇಜಿನ ಮುಂದೆ ಚೀಟಿ ಎತ್ತಿ ನೋಡ್ತೀರಲ್ಲ."

"ನಾಟಕ." ಅವರು ಸ್ವಲ್ಪ ನಕ್ಕರು. "ಎದುರಂಗಡೀಗೆ ಹೋದ್ರಲ್ಲ ಮೂರು ಜನ, ಅವ್ರನ್ನೂ ಯಾರೂ ಕದ್ದಿಲ್ಲ. ಅವ್ರದ್ದು ಗೆರೆ ಬಟ್ಟೆ. ಗೆರೆಗೆ ಗೆರೆ ಕೂರಿಸೋದು ಈಗ ನನ್ನ ಕೈಲಿ ಆಗಲ್ಲ. ಹಳೇ ಕೋಟು ತಗೊಂಡು ಅಲ್ಲಿಗೆ ಹೋಗಿ, ಅದನ್ನೇ ನೋಡಿ ಹೊಲೀತಾರೆ ಅಂತ ನಾನೇ ಗುಟ್ಟಾಗಿ ಹೇಳಿ ಕಳಿಸ್ದೆ. ನೀನು ಆ ಹುಡುಗಿ ಮೇಲೆ ಹಾಕಿದಾಗ ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ಅದು ತಪ್ಪೇ."

ಅವರು ಮತ್ತೆ ಪರದೆಯ ಕಡೆ ತಿರುಗಿದರು.

"ಕಣ್ಣಿಂದು ಹೋಗ್ಲಿ ಬಿಡು. ಇಲ್ನೋಡು. ಇದು ಇಪ್ಪತ್ತೈದಲ್ವಾ?"

"ಹೌದು."

"ನಾನು ಇಲ್ಲೇ ಕೂತು ಇಪ್ಪತ್ಮೂರು ಅಂತ ಓದಿದ್ದೆ. ಒಂದ್ಸಲ ಅಲ್ಲ, ಮೂರು ಸಲ. ಇಷ್ಟು ದೊಡ್ಡದು ಮಾಡ್ಕೊಂಡು ಓದಿದ್ದೆ." ಅವರ ದನಿ ಸಣ್ಣದಾಯಿತು. "ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಮೊದ್ಲು ಅಂಕಿ ತಪ್ಪಿದ, ಆಮೇಲೆ ದಾರಿ ತಪ್ಪಿದ, ಕೊನೆಗೆ ನನ್ನನ್ನೇ ಯಾರಪ್ಪಾ ನೀನು ಅಂತ ಕೇಳ್ದ. ಕಣ್ಣು ಹೋದ್ರೆ ಕೈಯಿದೆ, ಸಿಸ್ಟಮ್ಮ. ತಲೆ ಹೋದ್ರೆ ಏನಿದೆ? ನಾಲ್ಕು ಗಂಟೆಗೆ ಮೇಡಂ ಹತ್ರ ಹೇಳ್ಬಿಡ್ತೀನಿ, ನಾಳೆಯಿಂದ ಬರಲ್ಲ ಅಂತ."

ಅವಳಿಗೆ ಅತ್ತುಬಿಡಬೇಕು ಅನ್ನಿಸಿತು. ಅಳಲು ತನಗೇನು ಹಕ್ಕಿದೆ ಎಂದೂ ಅನ್ನಿಸಿತು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಂಕಿ ಸರಿಯಾಗಿದೆ, ಚೀಟಿ ಸರಿಯಾಗಿದೆ. ಒಬ್ಬ ಮುದುಕನ ತಲೆ ಕೆಟ್ಟಿತು ಎಂದು ಎಲ್ಲರೂ ನಂಬುತ್ತಾರೆ. ಎಲ್ಲರಿಗಿಂತ ಮೊದಲು ಅವರೇ ನಂಬಿಕೊಂಡಿದ್ದಾರೆ.

"ಮಾಸ್ಟ್ರೇ, ಸ್ವಲ್ಪ ಈ ಕಡೆ ಜರುಗಿ," ಎಂದಳು.

ಅವರ ಕೈಯಿಂದ ಮೌಸು ತೆಗೆದುಕೊಂಡು ಅವಳು ಫೈಲಿನ ಹಳೆಯ ಪ್ರತಿಗಳನ್ನು ತೆರೆದಳು. ಯಾವ ಅಂಕಿ ಯಾವಾಗ ಬದಲಾಯಿತು ಎನ್ನುವುದನ್ನು ಕಂಪ್ಯೂಟರು ತನ್ನ ಪಾಡಿಗೆ ಬರೆದಿಟ್ಟುಕೊಂಡಿರುತ್ತದೆ, ಕೇಳಿದವರಿಗೆ ತೋರಿಸುತ್ತದೆ. ಕಂಪ್ಯೂಟರು ಹಾಕಿದ ದಿನವೇ ಅವಳಿಗೆ ಇದನ್ನು ಕಲಿಸಿದ್ದರು. ಇಲ್ಲಿಯವರೆಗೆ ಒಮ್ಮೆಯೂ ಬೇಕಾಗಿರಲಿಲ್ಲ. ಮೂರು ದಿನದ ಹಿಂದಿನ ಪ್ರತಿಯನ್ನು ಒತ್ತಿದಳು. ತೋಳಿನ ಅಂಕಿಯನ್ನು ಮಾಸ್ಟರು ಮಾಡುತ್ತಿದ್ದ ಹಾಗೆಯೇ ದೊಡ್ಡದು ಮಾಡಿದಳು.

"ಓದಿ."

ಮಾಸ್ಟರು ಮುಖ ಓರೆ ಮಾಡಿದರು.

"ಇಪ್ಪತ್ಮೂರು," ಎಂದರು. ಆಮೇಲೆ ಇನ್ನೊಮ್ಮೆ, ಗಟ್ಟಿಯಾಗಿ, "ಇಪ್ಪತ್ಮೂರು!"

"ಹೌದು. ಮೂರು ದಿನ ಹಾಗೇ ಇತ್ತು. ಇವತ್ತು ಬೆಳಿಗ್ಗೆ ಮತ್ತೆ ಇಪ್ಪತ್ತೈದಾಯ್ತು. ನೀವು ಓದಿದ್ದು ಸರಿಯಾಗೇ ಇತ್ತು."

"ಅಂದ್ರೆ ನನ್ನ ತಲೆ ಸರಿಯಾಗಿದೆ."

"ಸರಿಯಾಗಿದೆ ಮಾಸ್ಟ್ರೇ."

ಅವರು ಕುರ್ಚಿಗೆ ಒರಗಿ ಕಣ್ಣು ಒರೆಸಿಕೊಂಡು ನಕ್ಕರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬಟ್ಟೆ ಕೆಡಿಸಿದವರ ನಗುವಾಗಿರಲಿಲ್ಲ ಅದು. ಮಡಿಚಿಟ್ಟ ಕರವಸ್ತ್ರ ಬಿಡಿಸಿ ಮೂಗು ಒರೆಸಿಕೊಂಡರು. ಹಸಿವಾಗ್ತಿದೆ ಎಂದರು. ಹೊರಗೆ ಕೌಂಟರಿನಲ್ಲಿ ಹುಡುಗಿ ಯಾರಿಗೋ ಫೋನಿನಲ್ಲಿ ಕೋಟು ಶನಿವಾರ ಸಿಗುತ್ತದೆ ಎಂದು ಹೇಳುತ್ತಿದ್ದಳು.

"ಪಾಪ, ಆ ಹುಡುಗಿ ಕೆಲಸವೇ ಇರ್ಬೇಕು," ಎಂದರು ಮಾಸ್ಟರು ದನಿ ತಗ್ಗಿಸಿ. "ಹೊಸಬಳು. ಗಾಬರೀಲಿ ತಪ್ಪು ಹೊಡೆದಿರ್ತಾಳೆ, ಬೆಳಿಗ್ಗೆ ಬಟ್ಟೆ ನೋಡಿದ್ಮೇಲೆ ಗೊತ್ತಾಗಿ ಸರಿ ಮಾಡಿರ್ತಾಳೆ. ಮೇಡಂಗೆ ನಾನೇ ಮೆತ್ತಗೆ ಹೇಳ್ತೀನಿ. ನೀನು ಬೈಬೇಡ ಅವಳ್ನ."

ಸಿಸ್ಟಮ್ಮ ಬಾಗಿಲಾಚೆ ಕೌಂಟರಿನ ಕಡೆ ನೋಡಿದಳು.

ಮಾಸ್ಟರು ಏಳುವವರಂತೆ ಮೇಜಿಗೆ ಕೈ ಊರಿದವರು ಮತ್ತೆ ಪರದೆಯ ಕಡೆ ಕತ್ತು ಓರೆ ಮಾಡಿದರು. "ಅಂಕಿ ಪಕ್ಕದಲ್ಲಿ ಏನೋ ಸಣ್ಣಕ್ಷರದಲ್ಲಿದೆಯಲ್ಲ, ಏನಮ್ಮ ಅದು?"

"ಬದಲಾಯಿಸಿದವರ ಹೆಸರು."

"ಓ. ಹೆಸರೂ ಇಟ್ಕೊಳ್ಳುತ್ತಾ ಇದು? ನಂಗೆ ಕಾಣ್ತಿಲ್ಲ. ಅವಳದ್ದೇ ತಾನೆ?"

ಅವಳು ಹೌದು ಎಂದರೆ ಮುಗಿಯುತ್ತಿತ್ತು. ಸಾಸಿವೆಯಷ್ಟು ಅಕ್ಷರ, ಓದುವವರಿಗೆ ಕಣ್ಣಿಲ್ಲ. ಹೊರಗೆ ಹುಡುಗಿ ಫೋನಿಟ್ಟಳು.

ಸಿಸ್ಟಮ್ಮ ಮೂಲೆಯ ಕೀಲಿ ಒತ್ತಿ ಹಿಡಿದು ಚಕ್ರ ತಿರುಗಿಸಿದಳು. ಅಂಕಿ ಪರದೆಯಾಚೆ ಸರಿದುಹೋಯಿತು. ಪಕ್ಕದ ಅಕ್ಷರಗಳು ಬೆಳೆದವು, ಇನ್ನೂ ಬೆಳೆದವು, ಒಂದೊಂದೂ ಅಂಗೈಯಷ್ಟಾಯಿತು. ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಮಾಸ್ಟರು ಕುರ್ಚಿಯನ್ನು ಮುಂದಕ್ಕೆಳೆದು, ಪರದೆಗೆ ಮುಖ ಹತ್ತಿರ ಒಯ್ದು, ಮೊದಲ ಅಕ್ಷರದಿಂದ ಓದತೊಡಗಿದರು.